ಪ್ರಯೋಗಾಲಯದ ನೈಟ್ರೋಜನ್ ಜನರೇಟರ್: ನೋಡಿಕೊಳ್ಳುವ ಕ್ರಮ

ಎಲ್‌ಸಿ-ಎಂಎಸ್ (ದ್ರವದಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ, ಅಣುಗಳ ತೂಕದಿಂದ ಗುರುತಿಸುವ ಯಂತ್ರ) ಉಪಕರಣವಿರುವ ಹಲವು ಪ್ರಯೋಗಾಲಯಗಳಲ್ಲಿ ಸಾರಜನಕದ ಸಿಲಿಂಡರುಗಳ ಸಾಲು ಇದ್ದ ಜಾಗದಲ್ಲಿ ಈಗ ಗಾಳಿಯಿಂದಲೇ ಸಾರಜನಕವನ್ನು ಬೇರ್ಪಡಿಸಿ ಕೊಡುವ ನೈಟ್ರೋಜನ್ ಜನರೇಟರ್ ಬಂದು ಕೂತಿದೆ. ಸಿಲಿಂಡರ್ ಖಾಲಿಯಾಗುತ್ತಿದ್ದರೆ ಗೇಜಿನ ಮುಳ್ಳು ಹೇಳುತ್ತದೆ. ಜನರೇಟರ್ ಹಾಗಲ್ಲ, ಒಳಗೊಳಗೇ ಕೆಡುತ್ತಿದ್ದರೂ ಬಹಳ ಕಾಲ ಅನಿಲ ಕೊಡುತ್ತಲೇ ಇರುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಸರ್ವಿಸ್ ಎಂಜಿನಿಯರ್ ಅಂಟಿಸಿ ಹೋಗುವ ಚೀಟಿಯೊಂದನ್ನೇ ನಂಬಿದರೆ ಸಾಲದು. ಸಾರಜನಕವನ್ನು ಬೇರ್ಪಡಿಸುವ ಯಂತ್ರದ ಹೃದಯಭಾಗಕ್ಕೆ ನೀರು, ಎಣ್ಣೆ ಮತ್ತು ಶಾಖ ತಲುಪದಂತೆ ದಿನನಿತ್ಯ ತಡೆಯುವುದೇ ಇಲ್ಲಿ ನಿರ್ವಹಣೆ ಎಂಬುದರ ಬಹುಪಾಲು.

ಮೊದಲು ನಿಮ್ಮಲ್ಲಿರುವುದು ಯಾವ ಬಗೆಯದು ಎಂದು ತಿಳಿದುಕೊಳ್ಳಬೇಕು. ಗಾಳಿಯಲ್ಲಿ ಸಾರಜನಕ ಶೇ 78, ಆಮ್ಲಜನಕ ಶೇ 21ರ ಸಮೀಪ, ಆರ್ಗಾನ್ ಶೇ 0.93ರಷ್ಟಿದೆ. ಮೆಂಬ್ರೇನ್ ಬಗೆಯಲ್ಲಿ ಒತ್ತಡದ ಗಾಳಿ ಸಾವಿರಾರು ಟೊಳ್ಳು ಎಳೆಗಳ ಒಳಗೆ ಹರಿಯುವಾಗ ಆಮ್ಲಜನಕ ಮತ್ತು ನೀರಾವಿ ಎಳೆಯ ಗೋಡೆಯ ಮೂಲಕ ಬೇಗ ಹೊರಬೀಳುತ್ತವೆ, ಸಾರಜನಕ ಮುಂದೆ ಸಾಗುತ್ತದೆ. ಪಿಎಸ್‌ಎ (ಪ್ರೆಷರ್ ಸ್ವಿಂಗ್ ಅಡ್ಸಾರ್ಪ್ಷನ್) ಬಗೆಯಲ್ಲಿ ಕಾರ್ಬನ್ ಮಾಲಿಕ್ಯುಲರ್ ಸೀವ್, ಅಂದರೆ ಅತಿ ಸೂಕ್ಷ್ಮ ರಂಧ್ರಗಳ ಇಂಗಾಲದ ಕಾಳುಗಳು, ತುಂಬಿದ ಎರಡು ಕಾಲಂಗಳಿದ್ದು, ಒಂದು ಒತ್ತಡದಲ್ಲಿ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವಾಗ ಇನ್ನೊಂದು ಒತ್ತಡ ಇಳಿಸಿಕೊಂಡು ತಾನು ಹಿಡಿದಿದ್ದನ್ನು ಹೊರಗೆ ಬಿಡುತ್ತದೆ. ಎಲ್‌ಸಿ-ಎಂಎಸ್‌ಗೆ ಸಾಮಾನ್ಯವಾಗಿ ಮೊದಲನೆಯದೇ ಸಾಕು. ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಕ್ಯಾರಿಯರ್ ಅನಿಲ, ಅಂದರೆ ಮಾದರಿಯ ಆವಿಯನ್ನು ಹೊತ್ತೊಯ್ಯುವ ಅನಿಲ, ಬೇಕಾದಲ್ಲಿ ಎರಡನೆಯದು ಬೇಕು. ಶುದ್ಧತೆಯ ಅಂಕಿ ಓದುವಾಗ ಒಂದು ವಿಷಯ ನೆನಪಿರಲಿ: ಆರ್ಗಾನ್ ಈ ಸೀವ್‌ನಲ್ಲಿ ಬೇರ್ಪಡುವುದಿಲ್ಲ, ಹಾಗಾಗಿ ತಯಾರಕರ ಪಟ್ಟಿಯಲ್ಲಿ ಕಾಣುವ 99.999 ಎಂಬಂಥ ಒಂಬತ್ತುಗಳ ಸಾಲು ಅನೇಕ ಸಲ ಆರ್ಗಾನನ್ನೂ ಸಾರಜನಕದ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತದೆ.

ಕಂಪ್ರೆಸರ್ ಒಳಗೇ ಇರುವ ಯಂತ್ರಗಳಲ್ಲಿ ಮೊದಲು ಸವೆಯುವುದು ಅದೇ. ಎಣ್ಣೆರಹಿತ ಕಂಪ್ರೆಸರುಗಳಲ್ಲಿ ಪಿಸ್ಟನ್ನಿನ ಉಂಗುರಗಳು ಅಥವಾ ಸ್ಕ್ರೋಲಿನ (ಗಾಳಿ ಒತ್ತುವ ಸುರುಳಿ ಭಾಗದ) ತುದಿ ಸೀಲುಗಳು ತೇಯುತ್ತಾ ಹೋಗುತ್ತವೆ. ಇವುಗಳ ಆಯುಷ್ಯವನ್ನು ತಿಂಗಳುಗಳಲ್ಲಿ ಅಲ್ಲ, ಓಡಿದ ಗಂಟೆಗಳಲ್ಲಿ ಅಳೆಯಬೇಕು. ಪ್ರತಿ ಸೋಮವಾರ ಗಂಟೆ ಮೀಟರಿನ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆಯುವ ರೂಢಿ ಮಾಡಿಕೊಳ್ಳಿ. ಉಪಕರಣಗಳ ಬಳಕೆ ಅಷ್ಟೇ ಇದ್ದು, ಕಂಪ್ರೆಸರ್ ಓಡುವ ಗಂಟೆಗಳು ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಸೀಲು ಸವೆದಿದೆ ಎಂದೇ ಅರ್ಥ. ಶುದ್ಧತೆಯ ಅಲಾರಂ ಬಡಿಯುವುದಕ್ಕೆ ಎಷ್ಟೋ ಮೊದಲೇ ಸಿಗುವ ಸೂಚನೆ ಇದು. ಬೆಂಗಳೂರಿನವರು ಇನ್ನೊಂದನ್ನೂ ಗಮನಿಸಬೇಕು: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಅಷ್ಟೇ ಅನಿಲ ಕೊಡಲು ಅದೇ ಕಂಪ್ರೆಸರ್ ಮಂಗಳೂರಿಗಿಂತ ಇಲ್ಲಿ ಹೆಚ್ಚು ಹೊತ್ತು ಓಡುತ್ತದೆ.

ಮಂಗಳೂರಿನ ತೊಂದರೆ ಬೇರೆ, ಅದು ನೀರು. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆಯುವ ಕಂಪ್ರೆಸರ್ ದಿನವಿಡೀ ಓಡಿದರೆ 144 ಘನ ಮೀಟರ್ ಗಾಳಿ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಎಸಿ ಇಲ್ಲದ ಕೋಣೆಯ 30 ಡಿಗ್ರಿ ತಾಪ, ಶೇ 80 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 24 ಗ್ರಾಂ ನೀರಿರುತ್ತದೆ. ದಿನಕ್ಕೆ ಮೂರೂವರೆ ಲೀಟರಿನ ಹತ್ತಿರವಾಯಿತು. ಎಂಟರಲ್ಲೊಂದು ಗಾತ್ರಕ್ಕೆ ಒತ್ತಿ 40 ಡಿಗ್ರಿಗೆ ತಣಿಸಿದ ಗಾಳಿಗೆ ಅಷ್ಟು ನೀರನ್ನು ಹಿಡಿದುಕೊಳ್ಳಲಾಗದೆ ಎರಡು ಲೀಟರಿಗೂ ಮಿಕ್ಕಿದ್ದು ಹನಿಯಾಗಿ ಇಳಿಯುತ್ತದೆ. ಈ ನೀರನ್ನು ಹೊರಹಾಕುವುದು ಬೆರಳಿನಷ್ಟು ಸಣ್ಣ ಆಟೋ ಡ್ರೈನ್. ಅದರ ಫ್ಲೋಟ್ ಲೋಳೆ ಕಟ್ಟಿ ಸಿಕ್ಕಿಹಾಕಿಕೊಂಡರೆ ನೀರು ಫಿಲ್ಟರಿನ ಬಟ್ಟಲು ದಾಟಿ ಮುಂದೆ ಸಾಗುತ್ತದೆ, ಸೀವ್ ತನ್ನ ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಡ್ರೈನ್ ಪೈಪಿನ ತುದಿಯಲ್ಲಿರುವ ಬಾಟಲಿಯನ್ನು ನೋಡಿ. ಮಳೆಗಾಲದಲ್ಲಿ ಬಾಟಲಿ ಒಣಗಿದ್ದರೆ ಸಂತೋಷಪಡಬೇಡಿ, ಕಾರಣ ಹುಡುಕಿ. ಪೈಪು ಮಡಚಿಕೊಂಡಿರಬಾರದು, ಅದರ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರಲೂಬಾರದು.

ಫಿಲ್ಟರುಗಳಲ್ಲಿ ಎಲ್ಲವೂ ಒಂದೇ ರೀತಿ ಕೆಡುವುದಿಲ್ಲ. ಧೂಳು ಹಿಡಿಯುವ ಫಿಲ್ಟರೂ ನೀರು-ಎಣ್ಣೆಯ ಹನಿಗಳನ್ನು ಕೂಡಿಸಿ ಇಳಿಸುವ ಕೋಲೆಸಿಂಗ್ ಫಿಲ್ಟರೂ ಕಟ್ಟಿಕೊಂಡಾಗ ಒಳಗಿನ ಮತ್ತು ಹೊರಗಿನ ಒತ್ತಡದ ಅಂತರ ಹೆಚ್ಚುವುದರಿಂದ ಗೇಜಿನಲ್ಲಿ ಗೊತ್ತಾಗುತ್ತದೆ. ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಮಾತ್ರ ಮೋಸಗಾರ. ಆವಿಗಳನ್ನು ಹೀರಿ ತುಂಬಿಹೋದ ಮೇಲೂ ಗಾಳಿಯನ್ನು ಸರಾಗವಾಗಿಯೇ ಬಿಡುತ್ತದೆ, ಗೇಜು ಅಲುಗುವುದಿಲ್ಲ. ಆಮೇಲೆ ಎಲ್‌ಸಿ-ಎಂಎಸ್ ಕೊಡುವ ರೇಖಾಚಿತ್ರದ ಹಿನ್ನೆಲೆಯಲ್ಲಿ ಹಿಂದೆ ಕಾಣದ ಶಿಖರಗಳು ಏಳುತ್ತವೆ. ನಾವು ತಪ್ಪು ಎಲ್‌ಸಿಯದ್ದೇ ಎಂದುಕೊಂಡು ಅದರ ಕಾಲಂ ತೊಳೆಯುತ್ತಾ ಮೊಬೈಲ್ ಫೇಸನ್ನು (ಕಾಲಂನಲ್ಲಿ ಹರಿಸುವ ದ್ರಾವಕವನ್ನು) ಬದಲಿಸುತ್ತಾ ಕೂರುತ್ತೇವೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಇದನ್ನು ಕಣ್ಣು ಮುಚ್ಚಿ ಬದಲಿಸಿಬಿಡುವುದೇ ಲೇಸು. ಗಾಳಿ ಎಳೆದುಕೊಳ್ಳುವ ಬಾಯಿಯ ಬಳಿ ಅಸಿಟೋನೈಟ್ರೈಲ್ ಎಂಬ ಆವಿಯಾಗುವ ದ್ರಾವಕದ ತ್ಯಾಜ್ಯದ ಕ್ಯಾನ್ ಇಟ್ಟಿದ್ದರೆ ವರ್ಷದವರೆಗೂ ಕಾಯುವಂತಿಲ್ಲ, ಕ್ಯಾನನ್ನು ಮೊದಲು ತೆಗೆಯಿರಿ.

ಯಂತ್ರದ ಹಿಂಬದಿಯನ್ನು ಗೋಡೆಗೆ ಒತ್ತಿ ಇಡಬೇಡಿ. ರಾತ್ರಿ ಎಸಿ ಆರಿಸಿ ಹೋಗುವ ಕಡೆ ಕೋಣೆಯ ತಾಪ ಎಷ್ಟಕ್ಕೇರುತ್ತದೆ ಎಂದು ಒಮ್ಮೆ ಅಳೆದು, ಕೈಪಿಡಿಯಲ್ಲಿರುವ ಮಿತಿಗೆ ಹೋಲಿಸಿ. ಪಿಎಸ್‌ಎ ಯಂತ್ರ ಗಾಳಿ ಹೊರಬಿಡುವ ಸೈಲೆನ್ಸರಿನ ಸುತ್ತ ಕಪ್ಪು ಪುಡಿ ಕಂಡರೆ ಸೀವ್‌ನ ಕಾಳುಗಳು ಉಜ್ಜಿ ಪುಡಿಯಾಗುತ್ತಿವೆ ಎಂದರ್ಥ. ಅದನ್ನು ಒರೆಸಿ ಸುಮ್ಮನಾಗದೆ ಎಂಜಿನಿಯರನ್ನು ಕರೆಯಬೇಕು. ಶುದ್ಧತೆ ತೋರಿಸುವ ಆಮ್ಲಜನಕ ಸೆನ್ಸರಿಗೂ ವಯಸ್ಸಾಗುತ್ತದೆ. ಎಲೆಕ್ಟ್ರೋಕೆಮಿಕಲ್ ಸೆಲ್ ಬಳಸದೆ ಇಟ್ಟರೂ ಸವೆಯುವಂಥದ್ದು, ಆದ್ದರಿಂದ ಕ್ಯಾಲಿಬ್ರೇಷನ್ ತಪ್ಪಿಸಬಾರದು.

ಸೋರಿಕೆ ಹುಡುಕಲು ಉಪಕರಣಗಳು ಅನಿಲ ಬಳಸದ ದಿನ ಒಳ್ಳೆಯದು. ಪೈಪ್‌ಲೈನಿಗೆ ಒತ್ತಡ ತುಂಬಿ, ಜನರೇಟರ್ ಕಡೆಯ ವಾಲ್ವನ್ನೂ ಉಪಕರಣದ ಕಡೆಯ ವಾಲ್ವನ್ನೂ ಮುಚ್ಚಿ ಅರ್ಧ ಗಂಟೆ ಗೇಜು ನೋಡಿ. ಮುಳ್ಳು ಇಳಿದರೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ನಟ್ಟನ್ನು ಸಿಕ್ಕಾಪಟ್ಟೆ ಬಿಗಿಯುವುದಕ್ಕಿಂತ ಫೆರೂಲ್ (ನಟ್ಟಿನೊಳಗೆ ಪೈಪನ್ನು ಬಿಗಿಹಿಡಿಯುವ ಉಂಗುರ) ಬದಲಿಸುವುದು ಮೇಲು.

ಫಿಲ್ಟರ್ ಬದಲಿಸುವ ದಿನ ಎಲ್‌ಸಿ-ಎಂಎಸ್ ಅನ್ನು ಅದರ ಕೈಪಿಡಿ ಹೇಳುವಂತೆ ಸ್ಟ್ಯಾಂಡ್‌ಬೈಗೆ ಹಾಕಿ, ಜನರೇಟರಿನ ಪ್ಲಗ್ ಕಿತ್ತು, ಒಳಗಿನ ಒತ್ತಡ ಪೂರ್ತಿ ಸೊನ್ನೆಗೆ ಇಳಿಯುವವರೆಗೆ ಕಾದು, ಆಮೇಲಷ್ಟೇ ಬಟ್ಟಲನ್ನು ತಿರುಗಿಸಬೇಕು. ಹಳೆಯ ಓ-ರಿಂಗನ್ನೇ ಮತ್ತೆ ಕೂರಿಸಬೇಡಿ. ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಯಂತ್ರ ಮತ್ತೆ ಶುರುವಾದ ಮೇಲೆ ಶುದ್ಧತೆ ನೆಲೆಗೊಳ್ಳುವವರೆಗೂ ಅನಿಲವನ್ನು ಉಪಕರಣಕ್ಕೆ ಕೊಡದೆ ಹೊರಗೆ ಬಿಡಬೇಕು. ಹೀಗೆ ಬಿಡುವಾಗ ಕಿಟಕಿ ತೆರೆದಿರಲಿ: ಕೋಣೆಯ ಗಾಳಿಯಲ್ಲಿ ಆಮ್ಲಜನಕ ಶೇ 19.5ಕ್ಕಿಂತ ಕೆಳಗಿಳಿದರೆ ಅಪಾಯ, ಸಾರಜನಕಕ್ಕೆ ವಾಸನೆಯೂ ಇಲ್ಲ, ಅದು ಉಸಿರುಗಟ್ಟಿಸುವ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಸರ್ವಿಸಿನ ದಿನಕ್ಕೆಂದು ಒಂದು ಸಿಲಿಂಡರನ್ನು ಇಟ್ಟುಕೊಳ್ಳುವವರು ಲೆಕ್ಕ ಹಾಕಿಕೊಳ್ಳಬೇಕು. 150 ಬಾರ್ ತುಂಬಿದ 47 ಲೀಟರಿನ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 25 ಲೀಟರ್ ಬಳಸುವ ಎಲ್‌ಸಿ-ಎಂಎಸ್‌ಗೆ ಅದು ಐದು ಗಂಟೆಯೂ ಬಾರದು. ಹಾಗಾಗಿ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬರೆಸುವಾಗ ದೂರು ಕೊಟ್ಟ ಎಷ್ಟು ಗಂಟೆಗಳಲ್ಲಿ ಎಂಜಿನಿಯರ್ ಬರಬೇಕು, ಫಿಲ್ಟರ್ ಕಿಟ್ ಮತ್ತು ಕಂಪ್ರೆಸರ್ ಸೀಲುಗಳು ಒಪ್ಪಂದದಲ್ಲಿ ಸೇರಿವೆಯೇ, ಕಂಪ್ರೆಸರೇ ಕೈಕೊಟ್ಟರೆ ಬದಲಿ ಕೊಡುತ್ತಾರೆಯೇ ಎಂಬ ಮೂರನ್ನೂ ಬರವಣಿಗೆಯಲ್ಲೇ ಪಡೆದುಕೊಳ್ಳಿ.