ಫ್ಯಾಕ್ಸ್ ಹೋಗ್ತಿಲ್ವಾ? ಡ್ರೈವರ್‌ಗೆ ಕೈ ಹಾಕೋ ಮುಂಚೆ ಇದನ್ನ ನೋಡಿ

ಕಂಪ್ಯೂಟರಿಂದ ಫ್ಯಾಕ್ಸ್ ಕಳ್ಸಿದ್ರೆ 'ಕಮ್ಯುನಿಕೇಶನ್ ಎರರ್' ಅಂತ ಬರ್ತಿದ್ರೆ ತಕ್ಷಣ ಡ್ರೈವರ್ (ಕಂಪ್ಯೂಟರನ್ನ ಫ್ಯಾಕ್ಸ್ ಮಷಿನ್ ಜೊತೆ ಜೋಡ್ಸೋ ಸಾಫ್ಟ್‌ವೇರು) ಅನ್‌ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ. ನಾನೊಂದ್ಸಲ ಅರ್ಧ ದಿನ ಡ್ರೈವರ್ ತೆಗ್ದೂ ಹಾಕಿ ತೆಗ್ದೂ ಹಾಕಿ ಸುಸ್ತಾಗಿ, ಕೊನೆಗೆ ಮಷಿನ್ ಹಿಂದೆ ಬಗ್ಗಿ ನೋಡಿದ್ರೆ ಫೋನ್ ವೈರು 'ಲೈನ್' ಅಂತ ಬರ್ದಿರೋ ತೂತು ಬಿಟ್ಟು ಪಕ್ಕದ 'ಎಕ್ಸ್‌ಟಿ' ತೂತಲ್ಲಿ (ಇನ್ನೊಂದು ಫೋನ್ ಸಿಕ್ಸೋಕೆ ಇರೋದು) ಕೂತಿತ್ತು.

ಮೊದ್ಲು ಇಷ್ಟು ಮಾಡಿ. ಒಂದು ಹಾಳೆನ ಮಷಿನ್ ಗ್ಲಾಸ್ ಮೇಲಿಟ್ಟು, ಮಷಿನ್ ಬಟನ್‌ಗಳಿಂದ್ಲೇ ಅದೇ ನಂಬರ್ ಒತ್ತಿ ಕಳ್ಸಿ. ಹೋಯ್ತು ಅಂದ್ರೆ ಲೈನ್ ಸರಿ ಇದೆ, ತೊಂದ್ರೆ ಕಂಪ್ಯೂಟರಿಗೂ ಮಷಿನ್‌ಗೂ ಮಧ್ಯೆ. ಹೋಗ್ಲಿಲ್ಲ ಅಂದ್ರೆ ಡ್ರೈವರ್ ಪಾಪ ಏನೂ ಮಾಡಿಲ್ಲ, ಅದನ್ನ ಅದರ ಪಾಡಿಗೆ ಬಿಡಿ. ಯಾಕಂದ್ರೆ ಡ್ರೈವರ್ ಕೆಲ್ಸ ಪೇಜು ಮತ್ತೆ ನಂಬರ್‌ನ ಮಷಿನ್‌ಗೆ ತಲುಪಿಸೋದಷ್ಟೇ, ಡಯಲ್ ಮಾಡಿ ಆ ಕಡೆ ಮಷಿನ್ ಜೊತೆ ಮಾತಾಡೋದೆಲ್ಲ ಮಷಿನ್ನಿನ ಒಳಗಿರೋ ಮೋಡೆಮ್ಮು, ಅಂದ್ರೆ ಪೇಜನ್ನ ಸದ್ದು ಮಾಡಿ ಫೋನ್ ಲೈನಲ್ಲಿ ಕಳ್ಸೋ ಭಾಗ.

ಲೈನ್ ಕಡೆ ಪ್ರಾಬ್ಲಮ್ ಇದ್ರೆ, ಮಾಮೂಲಿ ಫೋನಿಂದ ಆ ನಂಬರ್‌ಗೆ ಕಾಲ್ ಮಾಡಿ ಕಿವಿ ಕೊಡಿ. ಮೊದ್ಲು ಉದ್ದಕ್ಕೆ ಕೀಂ... ಅನ್ನೋ ಒಂದು ಸದ್ದು ಬರ್ಬೇಕು, 2100 ಹರ್ಟ್ಜ್‌ದು. ಮನುಷ್ಯರು ಹಲೋ ಅಂದ್ರೆ ನಂಬರ್ರೇ ತಪ್ಪು. ಕೀಂ ಬರುತ್ತೆ, ಆದ್ರೂ ಒಂದೆರಡು ಪೇಜ್ ಆದ್ಮೇಲೆ ಕಟ್ ಆಗ್ತಿದೆ ಅಂದ್ರೆ ಹೆಚ್ಚಾಗಿ ಲೈನಲ್ಲಿ ಗಲಾಟೆ. ಫ್ಯಾಕ್ಸ್ ಸೆಟ್ಟಿಂಗ್ಸಲ್ಲಿ ಸ್ಪೀಡ್‌ನ (ಸೆಕೆಂಡಿಗೆ ಇಷ್ಟು ಬಿಟ್ ಅಂತ ಲೆಕ್ಕ) 33600ರಿಂದ 14400ಕ್ಕೆ ಇಳ್ಸಿ, ಆಗ್ಲೂ ಆಗ್ಲಿಲ್ವಾ, 9600. ನಿಧಾನ ಆಗುತ್ತೆ, ಆದ್ರೆ ಹೋಗುತ್ತೆ. ಇಸಿಎಂ ಅನ್ನೋದು ತಪ್ಪಾಗಿ ಹೋದ ಡೇಟಾನ ಮತ್ತೆ ಕಳ್ಸತ್ತೆ, ಹಾಗಾಗಿ ಆನ್ ಇರೋದೇ ಒಳ್ಳೇದು, ಆದ್ರೆ ಲೈನ್ ತೀರಾ ಕೆಟ್ಟಿದ್ರೆ ಕಳ್ಸಿದ್ದನ್ನೇ ಕಳ್ಸಿ ಕಳ್ಸಿ ಕೊನೆಗೆ ಎರರ್ ಕೊಡುತ್ತೆ, ಆಗ ಆಫ್ ಮಾಡಿ ಒಂದ್ಸಲ ನೋಡಿ. ಇಂಟರ್ನೆಟ್ ಫೋನ್ ಲೈನಾಗಿದ್ರೆ ಅಡಾಪ್ಟರಲ್ಲಿ ಟಿ.38 (ಇಂಟರ್ನೆಟ್ ಮೇಲೆ ಫ್ಯಾಕ್ಸ್ ಕಳ್ಸೋಕೆ ಅಂತ್ಲೇ ಇರೋ ವಿಧಾನ) ಇದ್ಯಾ ನೋಡಿ, ಇಲ್ಲಾಂದ್ರೆ ಕೋಡೆಕ್, ಅಂದ್ರೆ ಸದ್ದನ್ನ ಡೇಟಾ ಮಾಡೋ ರೀತಿ, ಜಿ.711 ಇಡಿ. ಜಿ.729 ಇದ್ರೆ ಫ್ಯಾಕ್ಸ್ ಆಸೆ ಬಿಟ್ಬಿಡಿ, ಅದು ಮಾತಿಗೆ ಅಂತ ಮಾಡಿರೋದು, ಮೋಡೆಮ್ ಸದ್ದನ್ನ ಹಿಂಡಿ ಹಾಳು ಮಾಡುತ್ತೆ.

ಇನ್ನು ಗ್ಲಾಸಿಂದ ಹೋಗುತ್ತೆ, ಕಂಪ್ಯೂಟರಿಂದ ಹೋಗಲ್ಲ ಅನ್ನೋರಿಗೆ. ಪ್ರಿಂಟ್ ಡ್ರೈವರ್ ಬೇರೆ, ಫ್ಯಾಕ್ಸ್ ಡ್ರೈವರ್ ಬೇರೆ, ವಿಂಡೋಸಲ್ಲಿ ಎರಡು ಐಕಾನ್ ಇರುತ್ತೆ. ಪ್ರಿಂಟ್ ಬರ್ತಿದೆ ಅಂದ ಮಾತ್ರಕ್ಕೆ ಫ್ಯಾಕ್ಸ್ ಪೋರ್ಟ್ ಸರಿ ಇದೆ ಅಂತಲ್ಲ. ಎರಡರ ಪ್ರಾಪರ್ಟೀಸ್ ತೆಗ್ದು ಪೋರ್ಟ್ಸ್ ಟ್ಯಾಬಲ್ಲಿ ಐಪಿ (ನೆಟ್‌ವರ್ಕಲ್ಲಿ ಮಷಿನ್ನಿನ ಅಡ್ರೆಸ್ಸು) ಹೋಲ್ಸಿ ನೋಡಿ, ರೌಟರ್ರು ಮಷಿನ್ನಿನ ಐಪಿ ಬದ್ಲಾಯ್ಸಿದ್ರೆ ಫ್ಯಾಕ್ಸ್ ಮಾತ್ರ ಹಳೇ ಅಡ್ರೆಸ್ಸಲ್ಲಿ ಬಾಗ್ಲು ತಟ್ತಾ ಇರುತ್ತೆ. ಡಬ್ಲ್ಯೂಎಸ್‌ಡಿ ಪೋರ್ಟ್ (ವಿಂಡೋಸ್ ಮಷಿನ್‌ನ ತಾನೇ ಹುಡ್ಕಿ ಹಾಕ್ಕೊಳ್ಳೋದು) ಇದ್ರೆ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಮಾಡ್ಕೊಳಿ, ಮಷಿನ್‌ಗೆ ಫಿಕ್ಸ್ ಐಪಿ ಕೊಡಿ. ಮಷಿನ್ ಆನ್ ಇದ್ರೂ ಆಫ್‌ಲೈನ್ ಅಂತ ತೋರಿಸ್ತಿದ್ರೆ ಕಾನ್ಫಿಗರ್ ಪೋರ್ಟ್ ಒಳಗೆ ಎಸ್‌ಎನ್‌ಎಂಪಿ (ಮಷಿನ್ ಸ್ಥಿತಿ ಕೇಳೋ ವ್ಯವಸ್ಥೆ) ಟಿಕ್ ತೆಗೀರಿ. ಕ್ಯೂನಲ್ಲಿ ಸಿಕ್ಕಾಕೊಂಡಿರೋ ಹಳೇ ಜಾಬ್ ಅಳಿಸಿ ಸ್ಪೂಲರ್ (ವಿಂಡೋಸಲ್ಲಿ ಈ ಕ್ಯೂ ನೋಡ್ಕೊಳ್ಳೋ ಸರ್ವಿಸ್) ರೀಸ್ಟಾರ್ಟ್ ಮಾಡಿ.

ಇನ್ನೊಂದು. ಮೇಲ್‌ನಿಂದ ನಂಬರ್ ಕಾಪಿ ಪೇಸ್ಟ್ ಮಾಡಿದ್ರೆ ಅದ್ರ ಜೊತೆ ಕಣ್ಣಿಗೆ ಕಾಣದ ಸ್ಪೇಸೋ ಏನೋ ಬಂದು ಕೂತಿರುತ್ತೆ, ಅಳಿಸಿ ಕೈಯಲ್ಲೇ ಟೈಪ್ ಮಾಡಿ. ಹೊರಗಡೆ ಲೈನ್‌ಗೆ 0 ಅಥವಾ 9 ಒತ್ಬೇಕಾದ್ರೆ ಅದಾದ್ಮೇಲೆ ಒಂದು ಪಾಸ್ (ಡಯಲ್ ಮಾಡೋವಾಗ ಚೂರು ನಿಲ್ಲು ಅನ್ನೋ ಗುರುತು) ಹಾಕಿ, ಸುಮಾರು ಡ್ರೈವರಲ್ಲಿ ಅದು ಕಾಮಾ ಇಲ್ಲಾ ಹೈಫನ್. ಇದೆಲ್ಲ ಆದ್ಮೇಲೂ ಹೋಗ್ಲಿಲ್ಲಾಂದ್ರೆ, ಹೂಂ, ಈಗ ಡ್ರೈವರ್ ತೆಗ್ದು ಹೊಸದು ಹಾಕಿ.