ಎಸಿಸಿ ಪುರುಷರ ಸಾಕರ್ ಟೂರ್ನಿ: ಅಮೆರಿಕದ ಕಾಲೇಜು ಕ್ರೀಡಾ ವ್ಯವಸ್ಥೆಯನ್ನು ತಿಳಿಯಲು ಒಂದು ದಾರಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗ ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬಂದು ಕಾಲೇಜಿನಲ್ಲೂ ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್, ಆಡಬೇಕೆಂದು ಹೊರಟಾಗ, ತಂದೆತಾಯಿಗಳು ಕಾನ್ಫರೆನ್ಸ್, ಸೀಡಿಂಗ್, ಆಟೊಮ್ಯಾಟಿಕ್ ಬಿಡ್ ಎಂಬ ಮಾತುಗಳನ್ನು ಮೊದಲ ಬಾರಿಗೆ ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ. ಈ ವ್ಯವಸ್ಥೆಯನ್ನು ನಿಯಮಾವಳಿಯಿಂದ ಕಲಿಯುವುದಕ್ಕಿಂತ ಒಂದು ಟೂರ್ನಿಯ ಚರಿತ್ರೆಯಿಂದ ಕಲಿಯುವುದು ಸುಲಭ. ಅದಕ್ಕಾಗಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯ ಪುರುಷರ ಸಾಕರ್ ಟೂರ್ನಿಯನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಕರ್ನಾಟಕದಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಮೊದಲು ತಮ್ಮತಮ್ಮೊಳಗೆ ಆಡುತ್ತವೆ; ಅಲ್ಲಿಂದ ಆಯ್ಕೆಯಾದ ವಿಶ್ವವಿದ್ಯಾಲಯ ತಂಡವು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಪ್ರತಿ ವಿಶ್ವವಿದ್ಯಾಲಯಕ್ಕೂ ವರ್ಷವಿಡೀ ಸಂಬಳದ ಕೋಚ್‌ಗಳಿರುವ ತನ್ನದೇ ತಂಡವಿರುತ್ತದೆ, ಮತ್ತು ಇಂಥ ಹಲವು ವಿಶ್ವವಿದ್ಯಾಲಯಗಳು ತಾವೇ ಕೂಡಿ ಕಟ್ಟಿಕೊಂಡ ಒಕ್ಕೂಟವೇ ಕಾನ್ಫರೆನ್ಸ್. ಎಸಿಸಿ ಹುಟ್ಟಿದ್ದು 1953ರಲ್ಲಿ. ಕ್ಲೆಮ್ಸನ್, ಡ್ಯೂಕ್, ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾ, ನಾರ್ತ್ ಕ್ಯಾರೊಲಿನಾ ಸ್ಟೇಟ್, ಸೌತ್ ಕ್ಯಾರೊಲಿನಾ ಮತ್ತು ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಗಳು ಸದರ್ನ್ ಕಾನ್ಫರೆನ್ಸನ್ನು ಬಿಟ್ಟು ಬಂದು ಅದನ್ನು ಕಟ್ಟಿದವು, ವರ್ಷದ ಕೊನೆಯಲ್ಲಿ ವರ್ಜೀನಿಯಾ ಸೇರಿಕೊಂಡಿತು. ಒಕ್ಕೂಟದಲ್ಲಿದ್ದ ಮಾತ್ರಕ್ಕೆ ಎಲ್ಲರೂ ಎಲ್ಲ ಆಟಗಳನ್ನೂ ಆಡುತ್ತಾರೆಂದು ತಿಳಿಯಬಾರದು. ಫ್ಲಾರಿಡಾ ಸ್ಟೇಟ್, ಮಯಾಮಿ ಮತ್ತು ಜಾರ್ಜಿಯಾ ಟೆಕ್ ಎಸಿಸಿ ಸದಸ್ಯರಾಗಿದ್ದರೂ ಅವುಗಳಿಗೆ ಪುರುಷರ ಅಧಿಕೃತ ಸಾಕರ್ ತಂಡವಿಲ್ಲ. ಮಗನ ಅರ್ಜಿಗಳ ಪಟ್ಟಿ ಮಾಡುವ ಮೊದಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

1986ರವರೆಗೆ ಎಸಿಸಿ ಚಾಂಪಿಯನ್ ಯಾರೆಂಬುದು ಋತುವಿನ ಪಂದ್ಯಗಳ ಫಲಿತಾಂಶದಿಂದಲೇ ತೀರ್ಮಾನವಾಗುತ್ತಿತ್ತು. 1987ರಲ್ಲಿ ನಾಕೌಟ್ ಟೂರ್ನಿ ಆರಂಭವಾಯಿತು. ಮೊದಲ ಪ್ರಶಸ್ತಿ ನಾರ್ತ್ ಕ್ಯಾರೊಲಿನಾದ ಪಾಲಾಯಿತು. ಅಂದಿನಿಂದ ಒಂದೇ ವರ್ಷದಲ್ಲಿ ಒಂದೇ ಒಕ್ಕೂಟಕ್ಕೆ ಇಬ್ಬರು ವಿಜೇತರಿರುವುದು ಸಾಧ್ಯವಾಗಿದೆ: ಋತುವಿನುದ್ದಕ್ಕೂ ಹೆಚ್ಚು ಅಂಕ ಗಳಿಸಿದವರು ಒಬ್ಬರು, ನವೆಂಬರಿನ ನಾಕೌಟ್‌ನಲ್ಲಿ ಗೆದ್ದವರು ಇನ್ನೊಬ್ಬರು. ಹೊಸಬರು ಎಡವುವುದು ಇಲ್ಲಿಯೇ. ಋತುವಿನ ಅಂಕಪಟ್ಟಿಯಲ್ಲಿ ಮೇಲಿರುವುದರಿಂದ ಟೂರ್ನಿಯಲ್ಲಿ ಒಳ್ಳೆಯ ಸೀಡ್, ಅಂದರೆ ಮೇಲಿನ ಶ್ರೇಯಾಂಕ, ಸಿಗುತ್ತದೆ, ಸ್ವಂತ ಮೈದಾನದಲ್ಲಿ ಆಡುವ ಅವಕಾಶವೂ ಸಿಗಬಹುದು; ಆದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ನೇರ ಪ್ರವೇಶ, ಅಂದರೆ ಆಟೊಮ್ಯಾಟಿಕ್ ಬಿಡ್, ಸಿಗುವುದು ನಾಕೌಟ್ ಗೆದ್ದವರಿಗೆ.

ಆ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ಕಾಲೇಜು ಕ್ರೀಡೆಗಳ ರಾಷ್ಟ್ರಮಟ್ಟದ ಸಂಸ್ಥೆಯಾದ ಎನ್‌ಸಿಎಎ ನಡೆಸುತ್ತದೆ. 1959ರಲ್ಲಿ ಶುರುವಾದ ಅದರ ಮೊದಲ ವಿಜೇತ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. 2001ರಿಂದ ಅದರಲ್ಲಿ 48 ತಂಡಗಳು ಆಡುತ್ತಿವೆ. ಈ 48ರಲ್ಲಿ ಸುಮಾರು ಅರ್ಧದಷ್ಟು ಸ್ಥಾನಗಳು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲು. ಉಳಿದವನ್ನು ಒಂದು ಸಮಿತಿಯು ತಂಡಗಳ ಫಲಿತಾಂಶ ಮತ್ತು ಎದುರಾಳಿಗಳ ಬಲವನ್ನು ತೂಗಿ ಹಂಚುತ್ತದೆ. ಎಸಿಸಿಯಂಥ ಬಲಿಷ್ಠ ಒಕ್ಕೂಟದ ಹಲವು ತಂಡಗಳಿಗೆ ಈ ಎರಡನೆಯ ಬಾಗಿಲು ತೆರೆದಿರುತ್ತದೆ. 1987ರಲ್ಲಿ ಎಸಿಸಿ ಪ್ರಶಸ್ತಿ ಸಿಗದ ಕ್ಲೆಮ್ಸನ್ ಅದೇ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. 2021ರಲ್ಲಿ ಎಸಿಸಿ ಟೂರ್ನಿ ಗೆದ್ದ ನೋಟರ್ ಡೇಮ್ ತಂಡವನ್ನು ಅದೇ ಕ್ಲೆಮ್ಸನ್ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ, ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಸಣ್ಣ ಒಕ್ಕೂಟಗಳಲ್ಲಿ ಮಾತ್ರ ಪರಿಸ್ಥಿತಿ ಕಠಿಣ. ಅಲ್ಲಿ ಸಾಮಾನ್ಯವಾಗಿ ಟೂರ್ನಿ ಗೆದ್ದವರು ಮಾತ್ರ ಮುಂದೆ ಹೋಗುತ್ತಾರೆ, ಮೂರು ತಿಂಗಳ ದುಡಿಮೆಯೆಲ್ಲ ಒಂದೇ ಸಂಜೆಯ ಸೋಲಿನಲ್ಲಿ ಮುಗಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಕಾನ್ಫರೆನ್ಸ್ ಟೂರ್ನಿಯ ನಿಜವಾದ ಬಿಸಿ ಇರುವುದು ಆ ಸಣ್ಣ ಒಕ್ಕೂಟಗಳಲ್ಲಿ, ಹೆಸರಾಂತ ಎಸಿಸಿಯಲ್ಲಿ ಅಲ್ಲ.

ಆದರೂ ಆಟದ ಗುಣಮಟ್ಟದ ಮಾತು ಬಂದಾಗ ಎಸಿಸಿಯನ್ನು ಬಿಡುವಂತಿಲ್ಲ. ಬ್ರೂಸ್ ಅರೀನಾ ತರಬೇತಿಯಲ್ಲಿ ವರ್ಜೀನಿಯಾ ತಂಡವು 1991ರಿಂದ 1994ರವರೆಗೆ ಸತತ ನಾಲ್ಕು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಆ ನಾಲ್ಕೂ ವರ್ಷ, ಜೊತೆಗೆ 1995ರಲ್ಲೂ, ಎಸಿಸಿ ಟೂರ್ನಿ ಅದರದೇ ಆಯಿತು. 1995ರಲ್ಲಿ ಮಾತ್ರ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಡ್ಯೂಕ್ ಅದನ್ನು ತಡೆಯಿತು, ಪ್ರಶಸ್ತಿ ವಿಸ್ಕಾನ್ಸಿನ್‌ಗೆ ಹೋಯಿತು. ಮುಂದೆ ಅಮೆರಿಕದ ರಾಷ್ಟ್ರೀಯ ತಂಡದ ನಾಯಕರಾದ ಕ್ಲಾಡಿಯೊ ರೇನಾ ಆ ಕಾಲದ ವರ್ಜೀನಿಯಾದಲ್ಲಿ ಆಡಿದವರು. 1996ರಲ್ಲಿ ಮೇಜರ್ ಲೀಗ್ ಸಾಕರ್ ಎಂಬ ವೃತ್ತಿಪರ ಲೀಗ್ ಆರಂಭವಾದಾಗ ಅರೀನಾ ಅದರ ಡಿ.ಸಿ. ಯುನೈಟೆಡ್ ತಂಡಕ್ಕೆ ಹೋಗಿ ಮೊದಲ ಎರಡು ವರ್ಷವೂ ಲೀಗ್ ಗೆದ್ದರು, ಬಳಿಕ ಅಮೆರಿಕದ ರಾಷ್ಟ್ರೀಯ ತಂಡವನ್ನು 2002ರ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ಗೆ ಕೊಂಡೊಯ್ದರು. ಈ ದೇಶದಲ್ಲಿ ಸ್ಥಿರವಾದ ವೃತ್ತಿಪರ ಲೀಗ್ ಇಲ್ಲದಿದ್ದ ಆ ವರ್ಷಗಳಲ್ಲಿ ಆಟಗಾರರನ್ನೂ ಕೋಚ್‌ಗಳನ್ನೂ ಬೆಳೆಸಿದ್ದು ಕಾಲೇಜುಗಳೇ ಎಂಬುದನ್ನು ಇದು ತೋರಿಸುತ್ತದೆ.

ಮೇರಿಲ್ಯಾಂಡ್‌ನ ಕಥೆ ಬೇರೆ ಬಗೆಯದು. ಒಕ್ಕೂಟದ ಸ್ಥಾಪಕ ಸದಸ್ಯನಾದ ಆ ವಿಶ್ವವಿದ್ಯಾಲಯ 2012 ಮತ್ತು 2013ರಲ್ಲಿ ಎಸಿಸಿ ಟೂರ್ನಿ ಗೆದ್ದು, 2014ರಲ್ಲಿ ಬಿಗ್ ಟೆನ್ ಕಾನ್ಫರೆನ್ಸಿಗೆ ಹೊರಟುಹೋಯಿತು. ಇಂಥ ವಲಸೆಗೆ ಕಾರಣ ಸಾಕರ್ ಅಲ್ಲ. ಅಮೆರಿಕನ್ ಫುಟ್‌ಬಾಲಿನ ಟಿವಿ ಹಕ್ಕುಗಳಿಂದ ಬರುವ ಹಣ ಎಲ್ಲಿ ಹೆಚ್ಚೋ ವಿಶ್ವವಿದ್ಯಾಲಯಗಳು ಅಲ್ಲಿಗೆ ಹೋಗುತ್ತವೆ, ಉಳಿದ ಆಟಗಳು ಹಿಂದೆಯೇ ಎಳೆದುಕೊಂಡು ಹೋಗುತ್ತವೆ. 2013ರಲ್ಲಿ ಸಿರಾಕ್ಯೂಸ್, ಪಿಟ್ಸ್‌ಬರ್ಗ್ ಮತ್ತು ನೋಟರ್ ಡೇಮ್ ಎಸಿಸಿಗೆ ಬಂದವು, 2014ರಲ್ಲಿ ಲೂಯಿವಿಲ್ ಬಂದಿತು; ಇವುಗಳಲ್ಲಿ ಸಿರಾಕ್ಯೂಸ್ 2022ರಲ್ಲಿ ಎಸಿಸಿ ಮತ್ತು ರಾಷ್ಟ್ರೀಯ ಪ್ರಶಸ್ತಿ ಎರಡನ್ನೂ ಗೆದ್ದಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ (ಎಸ್‌ಎಂಯು) ಸೇರಿದ ಮೇಲೆ ಅಟ್ಲಾಂಟಿಕ್ ಕರಾವಳಿಯ ಒಕ್ಕೂಟ ಪೆಸಿಫಿಕ್ ಕರಾವಳಿಯವರೆಗೂ ಚಾಚಿತು. ಸ್ಟ್ಯಾನ್‌ಫರ್ಡ್ 2015ರಿಂದ 2017ರವರೆಗೆ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಾಗ ಅದಿದ್ದ ಪ್ಯಾಕ್-12 ಎಂಬ ಒಕ್ಕೂಟದಲ್ಲಿ ಪುರುಷರ ಸಾಕರ್ ಟೂರ್ನಿಯೇ ಇರಲಿಲ್ಲ, ಋತುವಿನ ಅಂಕಪಟ್ಟಿಯೇ ಚಾಂಪಿಯನ್ನನನ್ನು ನಿರ್ಧರಿಸುತ್ತಿತ್ತು. ಹಾರ್ವರ್ಡ್, ಯೇಲ್ ಮುಂತಾದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಐವಿ ಲೀಗ್ ಕೂಡ ಇಂಥ ಟೂರ್ನಿಯನ್ನು ತಡವಾಗಿ, 2023ರಲ್ಲಿ, ನಾಲ್ಕು ತಂಡಗಳೊಂದಿಗೆ ಆರಂಭಿಸಿತು. ಕಾಲೇಜು ಆರಿಸುವಾಗ ತಂಡದ ಹೆಸರಿನಷ್ಟೇ ಅದರ ಪ್ರಯಾಣದ ಪಟ್ಟಿಯನ್ನೂ ನೋಡಬೇಕು. ತರಗತಿಗಳು ತಪ್ಪುವುದು ಆ ಪ್ರಯಾಣಗಳಿಂದಲೇ.

ಹಣದ ವಿಷಯದಲ್ಲಿ ಭ್ರಮೆ ಬೇಡ. ಎನ್‌ಸಿಎಎಯ ಅತ್ಯುನ್ನತ ಹಂತವಾದ ಡಿವಿಷನ್-1ರ ಪುರುಷರ ಸಾಕರ್‌ನಲ್ಲಿ ಬಹುಕಾಲ ಇಡೀ ತಂಡಕ್ಕೆ ಒಟ್ಟು 9.9 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು, ಕೋಚ್‌ಗಳು ಅದನ್ನೇ ತುಂಡುಮಾಡಿ ಹಂಚುತ್ತಿದ್ದರು. 2025-26ರಿಂದ ಹೊಸ ವ್ಯವಸ್ಥೆಯನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 28 ಆಟಗಾರರು ಮಾತ್ರ ಇರಬೇಕೆಂಬ ಮಿತಿ ಬಂದಿದೆ. ಐವಿ ಲೀಗ್ ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ.

ಪಂದ್ಯ ನೋಡಲು ಹೋದವರಿಗೆ ಕೆಲವು ನಿಯಮಗಳು ವಿಚಿತ್ರವೆನಿಸಬಹುದು. ಗಡಿಯಾರ 45 ನಿಮಿಷದಿಂದ ಸೊನ್ನೆಯತ್ತ ಇಳಿಯುತ್ತದೆ, ಹೊರಗೆ ಹೋದ ಆಟಗಾರ ದ್ವಿತೀಯಾರ್ಧದಲ್ಲಿ ಒಮ್ಮೆ ಮತ್ತೆ ಒಳಗೆ ಬರಬಹುದು. ಹಿಂದೆ ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲಿಗೇ ಪಂದ್ಯ ಮುಗಿಯುತ್ತಿತ್ತು. 2022ರಿಂದ ನಾಕೌಟ್ ಪಂದ್ಯಗಳಲ್ಲಿ 10 ನಿಮಿಷಗಳ ಎರಡು ಅವಧಿಗಳನ್ನು ಪೂರ್ತಿ ಆಡಿಸಿ, ಆಗಲೂ ಸಮವಾದರೆ ಪೆನಾಲ್ಟಿಗೆ ಹೋಗುತ್ತಾರೆ. ಆರಂಭದ ಸುತ್ತುಗಳು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳ ಮೈದಾನಗಳಲ್ಲೇ ನಡೆಯುತ್ತವೆ. ಕನ್ನಡ ಕುಟುಂಬಗಳು ಬಹಳಷ್ಟಿರುವ ನಾರ್ತ್ ಕ್ಯಾರೊಲಿನಾದ ಕ್ಯಾರಿ ಊರಿನ ವೇಕ್‌ಮೆಡ್ ಸಾಕರ್ ಪಾರ್ಕ್ ಎಸಿಸಿ ಫೈನಲ್‌ಗಳನ್ನೂ ರಾಷ್ಟ್ರೀಯ ಫೈನಲ್‌ಗಳನ್ನೂ ನಡೆಸಿರುವ ಜಾಗ. ಅಲ್ಲಿಯವರು ನವೆಂಬರಿನ ಸಂಜೆಗೆ ಸ್ವೆಟರ್ ಹಾಕಿಕೊಂಡು ಹೋದರೆ ಸಾಕು.