ಸಿಎಸ್‌ಆರ್ ದುಡ್ಡು, ಮ್ಯಾನೇಜರ್ ಮನಸ್ಸು: ಎರಡನ್ನೂ ಸಂಭಾಳಿಸೋದು ಹೇಗೆ?

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಯಾವುದೋ ಕಂಪನಿಯಲ್ಲಿ ನೀವು ಮ್ಯಾನೇಜರ್, ಈ ವರ್ಷದ ಸಿಎಸ್‌ಆರ್ (ಕಂಪನಿ ತನ್ನ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು) ಪ್ರಸ್ತಾವ ತಯಾರಿಸುವ ಕೆಲಸ ನಿಮ್ಮ ತಲೆಗೇ ಬಂದಿದೆ ಅಂದುಕೊಳ್ಳಿ. ಮೊದಲು ಒಂದು ಹಾಳೆಯಲ್ಲಿ ನಿಮಗೆ ಏನಿಷ್ಟ ಅಂತ ಬರೆಯಿರಿ. ನಿಮ್ಮೂರ ಶಾಲೆ, ಗೋಶಾಲೆ, ಮಠದ ದಾಸೋಹ, ಏನೇ ಇರಲಿ. ಹೇಗೂ ಅದು ಫೈಲಿನೊಳಗೆ ನುಸುಳುತ್ತದೆ, ಮೊದಲೇ ಕಣ್ಣೆದುರಿಗಿದ್ದರೆ ಒಳ್ಳೇದು ಅಲ್ವಾ?

ಆಮೇಲೆ ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ಬರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ 2% ಖರ್ಚು ಮಾಡಬೇಕು. ಬರೀ ನೌಕರರಿಗೆ ಅನುಕೂಲ ಆಗುವಂಥದ್ದು, ರಾಜಕೀಯ ಪಕ್ಷಕ್ಕೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಟ್ರಸ್ಟಿನಂಥ ಬೇರೆ ಸಂಸ್ಥೆಯ ಮೂಲಕ ಮಾಡಿಸುವುದಾದರೆ ಅದಕ್ಕೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡಲು ಸಂಸ್ಥೆ ಸರ್ಕಾರದ ಬಳಿ ಮಾಡಿಸಿಕೊಳ್ಳುವ ನೋಂದಣಿ) ಇದೆಯಾ ನೋಡಿ.

ನಿಜವಾದ ಕಷ್ಟ ಆಯ್ಕೆಯಲ್ಲಿ. ನಿಮ್ಮ ಮಾವನವರು ಟ್ರಸ್ಟಿ ಆಗಿರುವ ಸಂಸ್ಥೆಯ ಅರ್ಜಿ ಬಂದರೆ ಬಾಯಿಬಿಟ್ಟು ಹೇಳಿ, ಆ ತೀರ್ಮಾನದಿಂದ ದೂರ ಇರಿ. ಉಳಿದದ್ದಕ್ಕೆ ಸುಮ್ನೆ ಆಫೀಸಲ್ಲಿ ಕೂತು ಟಿಕ್ ಹಾಕಬೇಡಿ, ಊರಿಗೆ ಹೋಗಿ. ಕುಂದಗೋಳದ ಕಡೆ ಒಂದು ಶಾಲೆಯ ಶೌಚಾಲಯ ನೋಡಿದೆ: ಗೋಡೆಗೆ ಹೊಸ ಬಣ್ಣ, ದಾನಿಗಳ ದೊಡ್ಡ ಬೋರ್ಡು, ಒಳಗೆ ಒಣಗಿದ ನಲ್ಲಿ, ಮೂಲೆಯಲ್ಲಿ ಮುರಿದ ಬೆಂಚುಗಳು. ಹಾಗಾಗಿ ಎಸ್‌ಡಿಎಂಸಿಯವರನ್ನು (ಶಾಲೆಯ ಉಸ್ತುವಾರಿ ಸಮಿತಿಯವರನ್ನು) ಕೇಳಿ: ನೀರು ಎಲ್ಲಿಂದ, ತೊಳೆಯೋರು ಯಾರು, ಕೀಲಿ ಯಾರ ಹತ್ತಿರ? ಉತ್ತರ ಇಲ್ಲದಿದ್ದರೆ ಹೊಸ ಕಟ್ಟಡ ಬೇಡ, ಪಂಪು ಪೈಪು ದುರಸ್ತಿಗೆ ಕೊಡಿ. ಫೋಟೋ ಚೆನ್ನಾಗಿ ಬರೋದಿಲ್ಲ, ಸಾಹೇಬರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಊರ ಜಾತ್ರೆಗೆ ಕೊಡುವ ಆಸೆಯಿದ್ದರೆ ನಿಮ್ಮ ಸಂಬಳ ಇದೆಯಲ್ಲ.